ಅಪ್ಪನ ಸೈಕಲ್ಲಿಗೆ ಎಂಜಿನ್ ಕೂತದ್ದು

ಅಪ್ಪನ ಎಂಜಿನ್ ಸೈಕಲ್ಲಿನ ಹಿಂದೆ, ಕ್ಯಾರಿಯರಿನ ಮೇಲೆ ಕೂತು, ಬೋಯಿನಪಲ್ಲಿಯ ಏರು ಹತ್ತಿದ್ದು ನನಗೆ ಚೆನ್ನಾಗಿ ನೆನಪಿದೆ. ಅವನ ಅಂಗಿ ಗಾಳಿಗೆ ಉಬ್ಬಿ ನನ್ನ ಮೂಗಿಗೆ ತಾಗುತ್ತಿತ್ತು. ಅಂಗಿಗೆ ಸಾಬೂನು ಮತ್ತು ಮಷೀನಿನ ಎಣ್ಣೆ ಎರಡೂ ಸೇರಿದ ವಾಸನೆ ಇತ್ತು. ಮೊನ್ನೆ ಫೋನಿನಲ್ಲಿ ಇದನ್ನು ಹೇಳಿದಾಗ ಅಕ್ಕ ನಕ್ಕಳು.

“ಕ್ಯಾರಿಯರ್ ಎಲ್ಲಿತ್ತೋ? ಅದನ್ನ ಬಿಚ್ಚಿ ಆ ಜಾಗಾದಾಗ ಎಂಜಿನ್ ಕುಂದರ್ಸಿದ್ರು. ಅದರ ಮ್ಯಾಲ ಕುಂತಿದ್ರ ನಿನ್ನ ಚಡ್ಡಿ ಸುಟ್ಟು ಹೋಗಿರ್ತಿತ್ತು.”

ಅವಳು ಹೇಳಿದ್ದು ಸರಿ. ಎಂಜಿನ್ ಹಿಂದಿನ ಗಾಲಿಯ ಮೇಲೆ ಇದ್ದ ಮೇಲೆ ನಾನು ಅಲ್ಲಿ ಕೂತಿರಲು ಸಾಧ್ಯವಿಲ್ಲ. ಕೂತಿದ್ದರೆ ಮುಂದಿನ ಅಡ್ಡ ಕೊಳವೆಯ ಮೇಲೆ ಕೂತಿರಬೇಕು, ಹಾಗಾದರೆ ಅಂಗಿ ಮೂಗಿಗೆ ತಾಗುವುದೆಲ್ಲಿಂದ ಬಂತು? ವಿಶ್ವವಿದ್ಯಾಲಯದಲ್ಲಿ ಆರು ವರ್ಷ ಇತಿಹಾಸ ಓದಿ ನಾನು ಕಲಿತದ್ದು ಒಂದೇ: ಯಾರು ಏನೇ ಹೇಳಲಿ, ಪುರಾವೆ ಕೇಳಬೇಕು. ಆ ಪ್ರಶ್ನೆಯನ್ನು ನನಗೇ ಕೇಳಿಕೊಳ್ಳುವ ವಯಸ್ಸು ಬಂದಾಗ ನನ್ನ ಬಾಲ್ಯದ ಅರ್ಧದಷ್ಟು ನಿಲ್ಲದೆ ಹೋಯಿತು. ಈ ಅಧ್ಯಾಯದಲ್ಲಿ ನಿಂತದ್ದನ್ನು ಬರೆಯುತ್ತೇನೆ, ಅನುಮಾನ ಇದ್ದಲ್ಲಿ ಅನುಮಾನ ಇದೆ ಎನ್ನುತ್ತೇನೆ.

ಆಗ ನಾವು ಸಿಕಂದರಾಬಾದಿನ ಒಂದು ಇಳಿಜಾರು ಓಣಿಯಲ್ಲಿ ಬಾಡಿಗೆಗೆ ಇದ್ದೆವು. ಮೂರು ಕೋಣೆ, ಒಂದರ ಹಿಂದೆ ಒಂದು. ಮುಂದಿನದು ಅಪ್ಪನದು, ಅಂದರೆ ಅವನ ಸೈಕಲ್ಲಿನದು. ಸೈಕಲ್ಲು ಒಂದು ರಾತ್ರಿಯೂ ಹೊರಗೆ ಇದ್ದದ್ದಿಲ್ಲ, ಮನೆಗೆ ಬಂದವರು ಅದನ್ನು ಬಳಸಿ ಬಂದು ಕೂರಬೇಕಿತ್ತು. ಕಿಟಕಿಯ ಕೆಳಗೆ ದಪ್ಪ ಹಲಗೆ, ಹಲಗೆಗೆ ಬಿಗಿದ, ತುಂಡನ್ನು ಕಚ್ಚಿ ಹಿಡಿಯುವ ಕಬ್ಬಿಣದ ವೈಸು, ಗೋಡೆಯ ಮೊಳೆಗಳಲ್ಲಿ ಉದ್ದದ ಪ್ರಕಾರ ತೂಗುಹಾಕಿದ ಅರಗಳು. ನಡುಕೋಣೆಯಲ್ಲಿ ದೇವರೂ ಇದ್ದರು, ನಾವೂ ಮಲಗುತ್ತಿದ್ದೆವು. ಹಿಂದಿನದು ಅಡುಗೆಮನೆ. ಅದರ ಹಿತ್ತಲ ಬಾಗಿಲಿಗೆ ನೊಣ ತಡೆಯಲೆಂದು ಒಂದು ಜಾಲರಿ ಬಾಗಿಲು, ಕೈಬಿಟ್ಟರೆ ತಾನೇ ಮುಚ್ಚಿಕೊಳ್ಳಲು ಅದಕ್ಕೊಂದು ಉದ್ದ ಸ್ಪ್ರಿಂಗು. ನೆಲಕ್ಕೆಲ್ಲ ಶಹಾಬಾದಿನ ಕಲ್ಲು. ಬೆಳಿಗ್ಗೆ ಹಿಂದಿನಿಂದ ಅವ್ವ ಜೋಳದ ರೊಟ್ಟಿ ಬಡಿಯುವ ಸದ್ದು, ಮುಂದಿನಿಂದ ಅಪ್ಪ ಅರ ಉಜ್ಜುವ ಸದ್ದು. ನಾನೂ ಅಕ್ಕನೂ ಎದ್ದದ್ದು ಈ ಎರಡರ ನಡುವೆ. ಅಪ್ಪನ ತಾಯಿ, ನಮ್ಮ ಆಯಿ, ಈ ಸದ್ದಿಗೆ ಅವ್ವ ಅಪ್ಪ ಇಬ್ಬರಿಗೂ ಸಮನಾಗಿ ಗದರುತ್ತಿದ್ದಳು. ಮನೆಯೊಳಗೆ ನಮ್ಮ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಓಣಿಯ ಮೂಲೆ ದಾಟಿದರೆ ದಖನಿ ಉರ್ದು. ಇದನ್ನು ಕಲಿಯಬೇಕಾದ ಸಂಗತಿ ಎಂದು ನಾವು ಯಾರೂ ಅಂದುಕೊಂಡಿರಲಿಲ್ಲ.

ಅಪ್ಪ ಬಾಲಾನಗರದ ಒಂದು ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿ ಇದ್ದ. ಅಲ್ಲಿ ವಿಮಾನಕ್ಕೆ ಹೋಗುವ ಉಪಕರಣಗಳನ್ನು ಮಾಡುತ್ತಿದ್ದರು. ಅಪ್ಪ ಆ ಉಪಕರಣ ಮಾಡುವ ಸಾಧನಗಳನ್ನು ಮಾಡುತ್ತಿದ್ದ. ಕೂದಲೆಳೆಯನ್ನು ಹತ್ತು ಸೀಳು ಮಾಡಿದರೆ ಅದರಲ್ಲಿ ಒಂದು ಸೀಳಿನಷ್ಟು ಹೆಚ್ಚುಕಡಿಮೆ ಆದರೂ ಮಾಡಿದ ತುಂಡು ವಾಪಸು ಬರುತ್ತಿತ್ತು. ಅವನದು ಬರುತ್ತಿರಲಿಲ್ಲ. ಒಂದು ಮಳೆಗಾಲ ಕೆಲಸದಿಂದ ಬರುವಾಗ ಸೈಕಲ್ ಜಾರಿ ಬಿದ್ದು ಅವನ ಎಡ ಮೊಣಕಾಲು ಕೆಟ್ಟಿತು. ನಿಂತು ಕೆಲಸ ಮಾಡಬಹುದು, ಆದರೆ ದಿನಾ ಅಷ್ಟು ದೂರ ಪೆಡಲು ತುಳಿಯುವಂತಿಲ್ಲ ಎಂದರು ಡಾಕ್ಟರು. ಮೊದಲ ಪಾಳಿಗೆ ಹೊರಡುವ ಸಿಟಿ ಬಸ್ಸು ಬಾಲಾನಗರ ಮುಟ್ಟುವಷ್ಟರಲ್ಲಿ ಸೈರನ್ ಆಗಿ ಗೇಟು ಮುಚ್ಚಿರುತ್ತಿತ್ತು. ಕಾರ್ಖಾನೆಯ ಕ್ವಾರ್ಟರ್ಸಿಗೆ ನಮ್ಮ ಸರದಿ ಬಂದಿರಲಿಲ್ಲ. ಸ್ಕೂಟರಿಗೆ ಹೆಸರು ಬರೆಸಿದರೆ ವರ್ಷಗಟ್ಟಲೆ ಕಾಯಬೇಕಾದ ಕಾಲ. ತಿಂಗಳಲ್ಲಿ ಹಲವು ಸಲ ತಡವಾದ ಮೇಲೆ ಫೋರ್ಮನ್ನರು ಕರೆದು ಹೇಳಿದರಂತೆ: ದಸರೆಯ ರಜೆ ಮುಗಿದ ಮೇಲೆ ಸೈರನ್ನಿಗೆ ಮೊದಲು ಬರುವುದಾದರೆ ನಿನ್ನ ಮಷೀನು ನಿನಗೆ, ಇಲ್ಲವಾದರೆ ಸ್ಟೋರಿಗೆ ಹಾಕುತ್ತೇನೆ, ಅಲ್ಲಿಗೆ ತಡವಾಗಿ ಬಂದರೂ ನಡೆಯುತ್ತದೆ. ಆ ತೆಲುಗು ಹಿರಿಯರು ಇದನ್ನು ಕರುಣೆಯಿಂದಲೇ ಹೇಳಿರಬೇಕು. ಸಂಬಳವೂ ಅದೇ. ಆದರೆ ಅಪ್ಪ ಆ ಸಂಜೆ ಊಟಕ್ಕೆ ಕೂತವನು ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡಿದ್ದ.

“ಸ್ಟೋರ್ ಅಂದ್ರ ಏನ್ರಿ?” ಎಂದು ಅವ್ವ ಕೇಳಿದಳು.

“ಮಂದಿ ಮಾಡಿದ ಸಾಮಾನು ಮಂದಿಗೆ ಎತ್ತಿ ಕೊಡೂದು.”

ಎಂಜಿನ್ ಬಂದದ್ದು ಸಿಕಂದರಾಬಾದಿನ ಹರಾಜು ಅಂಗಡಿಯೊಂದರಿಂದ, ಮರದ ಪೆಟ್ಟಿಗೆಯಲ್ಲಿ. ಸೋರೆಕಾಯಿಯಷ್ಟು ದೊಡ್ಡದು. ಹಸಿರು ಬಣ್ಣದ್ದು ಎಂದು ನನ್ನ ನೆನಪು, ಬೂದು ಎಂದು ಅಕ್ಕನದು. ಇದಕ್ಕೆ ಪುರಾವೆ ಇಲ್ಲ, ಬಿಡುತ್ತೇನೆ. ಎಂಜಿನ್ನಿನ ಕೆಳಗೆ ಒರಟು ಮೈಯ ಒಂದು ಸಣ್ಣ ಉರುಳೆ. ಅದು ಹಿಂದಿನ ಟಯರಿಗೆ ಒತ್ತಿ ನಿಂತು, ತಾನು ತಿರುಗಿ ಟಯರನ್ನು ತಿರುಗಿಸಬೇಕು, ಅಷ್ಟೇ ಅದರ ವಿದ್ಯೆ. ಜೊತೆಗೆ ಯಾವುದೋ ದೇಶದ ಭಾಷೆಯ ಒಂದು ಹಾಳೆ, ಅದರಲ್ಲಿ ತೆಳ್ಳಗಿನ ಒಂದು ಸೈಕಲ್ಲಿನ ಚಿತ್ರ. ಎಂಜಿನ್ನನ್ನು ಸೈಕಲ್ಲಿಗೆ ಬಿಗಿಯುವ ಅದರ ಹಿಡಿಕೆ ನಮ್ಮ ದಪ್ಪ ಕೊಳವೆಗೆ ಕೂರಲಿಲ್ಲ. ಅಪ್ಪ ಅದನ್ನು ಪಕ್ಕಕ್ಕಿಟ್ಟು ಬೇರೆ ಹಿಡಿಕೆ ಮಾಡಲು ಕೂತ. ಕಾರ್ಖಾನೆಯಲ್ಲಾದರೆ ಅರ್ಧ ದಿನದ ಕೆಲಸ. ಆದರೆ ಅಲ್ಲಿಂದ ಒಂದು ನಟ್ಟನ್ನೂ ಅವನು ಮನೆಗೆ ತಂದವನಲ್ಲ, ಮನೆಯ ಕೆಲಸವನ್ನು ಅಲ್ಲಿಗೆ ಒಯ್ದವನೂ ಅಲ್ಲ. ಆಯಿಗೆ ಇದು ಪೆದ್ದುತನವಾಗಿ ಕಾಣುತ್ತಿತ್ತು. ಹೀಗಾಗಿ ಹದಿನೈದು ದಿನ ಕೈಯಿಂದಲೇ ಉಕ್ಕಿನ ಪಟ್ಟಿ ಕೊಯ್ದು, ಅರ ಹಾಕಿ, ಮೂಲೆಮಟ್ಟ ಹಿಡಿದು ಬೆಳಕಿಗೆ ನೋಡಿ, ಮತ್ತೆ ಅರ ಹಾಕಿದ. ಮುಗಿದಾಗ ಅದು ಬೆಳ್ಳಿಯ ಸಾಮಾನಿನಂತೆ ಇತ್ತು. ಉರುಳೆಗೂ ಟಯರಿಗೂ ಎಷ್ಟು ಒತ್ತಡ ಬೇಕೋ ಅಷ್ಟೇ ಬರುವಂತೆ, ಒಂದು ಕೂದಲೂ ಅತ್ತಿತ್ತ ಅಲುಗದಂತೆ ಎಂಜಿನ್ನನ್ನು ಬಿಗಿದಿದ್ದ.

ರಜೆ ಮುಗಿಯಲು ಎರಡು ದಿನ ಉಳಿದಾಗ, ಅಷ್ಟಮಿಯ ಸಂಜೆ, ಮೊದಲ ಸವಾರಿ. ನಮ್ಮ ಓಣಿಯ ಇಳಿಜಾರಿನಲ್ಲಿ ಸೈಕಲ್ಲು ಉರುಳಿ, ಎಂಜಿನ್ ಕೆಮ್ಮಿ, ಹೊತ್ತಿಕೊಂಡು, ನೀಲಿ ಹೊಗೆ ಬಿಟ್ಟು ಮೂಲೆಯಲ್ಲಿ ಮರೆಯಾಯಿತು. ಓಣಿಯ ಮಕ್ಕಳೆಲ್ಲ ಹಿಂದೆ ಓಡಿದರು. ನಾನು ಓಡಲಿಲ್ಲ, ನಮ್ಮದೇ ಎಂಜಿನ್ನಿನ ಹಿಂದೆ ನಾನೇಕೆ ಓಡಬೇಕು ಎಂದು ಕಟ್ಟೆಯ ಮೇಲೆ ಕಾಲಮೇಲೆ ಕಾಲು ಹಾಕಿ ಕೂತೆ. ದೀಪ ಹಚ್ಚುವ ಹೊತ್ತಿಗೆ ಅಪ್ಪ ಸೈಕಲ್ಲು ನೂಕಿಕೊಂಡು ಕುಂಟುತ್ತ ಬಂದ. ಮೂಲೆಯ ಪಂಕ್ಚರ್ ಅಂಗಡಿಯ ಖಾಸೀಂ ಚಾಚಾ ಬಾಯಲ್ಲಿನ ಪಾನು ಪಕ್ಕಕ್ಕೆ ಸರಿಸಿ ಕೇಳಿದ:

“ಕ್ಯಾ ಬಸವರಾಜ್ ಭಾಯ್, ಗಾಡಿ ಆಪ್ ಕು ಲಾಯಿ, ಯಾ ಆಪ್ ಗಾಡಿ ಕು ಲಾಯೇ?”

ಗಾಡಿ ನಿನ್ನನ್ನು ತಂತೋ, ನೀನು ಗಾಡಿಯನ್ನು ತಂದೆಯೋ ಎಂಬ ಆ ಮಾತಿಗೆ ಓಣಿ ನಕ್ಕಿತು. ಅಪ್ಪನೂ ನಕ್ಕ, ಆದರೆ ಒಳಗೆ ಬಂದು ಕಾಲು ಚಾಚಿ ಕೂತಾಗ ಮೊಣಕಾಲು ಊದಿತ್ತು. ಸಮತಟ್ಟಿನಲ್ಲಿ ಹೇಗೋ ಹೋಯಿತು, ಕಾರ್ಖಾನೆಯ ದಾರಿಯ ಬೋಯಿನಪಲ್ಲಿಯ ಏರಿನಲ್ಲಿ ಜಗ್ಗಿ ಜಗ್ಗಿ ನಿಂತುಬಿಟ್ಟಿತು ಎಂದ. ಗಾಲಿಯ ಕಡ್ಡಿಗಳಲ್ಲಿ ಲೋಪ ಇರಬೇಕು, ನಾಳೆ ಇಡೀ ದಿನ ಕೂತು ಅವನ್ನೂ ಹಿಡಿಕೆಯನ್ನೂ ಇನ್ನಷ್ಟು ಬಿಗಿ ಮಾಡುತ್ತೇನೆ ಎಂದ.

ನಾಳೆ ಎಂದರೆ ಖಂಡೇ ನವಮಿ. ನಮ್ಮ ಕಡೆ ಅಂದು ಹತಾರಗಳಿಗೆ ಪೂಜೆ, ಪೂಜೆಗೆ ಇಟ್ಟದ್ದನ್ನು ಮರುದಿನ ವಿಜಯದಶಮಿಯ ಪೂಜೆ ಆಗುವವರೆಗೆ ಎತ್ತುವಂತಿಲ್ಲ. ಅಪ್ಪ ಏಳುವ ಮೊದಲೇ ಆಯಿ ಗೋಡೆಯ ಅರಗಳನ್ನು, ಗರಗಸವನ್ನು, ಪಾನಾಗಳನ್ನು, ಅವ್ವನ ಈಳಿಗೆಯನ್ನು, ನಮ್ಮ ಪಾಟಿ, ಪುಸ್ತಕ, ಬಳಪಗಳನ್ನು ದೇವರ ಮುಂದೆ ಸಾಲಾಗಿ ಇಟ್ಟು ಕುಂಕುಮ ಹಚ್ಚಿದ್ದಳು. ಸೈಕಲ್ಲಿಗೂ ಎಂಜಿನ್ನಿಗೂ ಚೆಂಡುಹೂವಿನ ಮಾಲೆ.

“ಅವ್ವಾ, ಇವತ್ತೊಂದಿನ ಬಿಡು. ನಾಡಿದ್ದು ಮುಂಜಾನೆ ನಾ ಗೇಟಿಗೆ ಹೋಗಬೇಕು,” ಎಂದ ಅಪ್ಪ ಆಯಿಗೆ.

“ನೋಡು ಬಸೂ, ನಿನ್ನಿ ನಿಮ್ಮ ಕಾರ್ಖಾನ್ಯಾಗ ಪೂಜಿ ಮಾಡಿದ್ರಲ್ಲ. ಮಾಡಿದ ಮ್ಯಾಲ ಮಷೀನ್ ಚಾಲೂ ಮಾಡಿದ್ರೇನು?”

“ಇಲ್ಲ.”

“ಸರಕಾರದ ಮಷೀನಿಗೆ ಒಂದ ದಿನ ಸೂಟಿ ಐತಿ. ನಿನ್ನ ಅರಕ್ಕ ಇಲ್ಲೇನು?”

ಅವನು ಕೈಚಾಚಿದರೆ ಅರ ಸಿಗುತ್ತಿತ್ತು, ಆಯಿ ತಡೆಯುತ್ತಿರಲಿಲ್ಲ. ಆದರೂ ಮುಟ್ಟಲಿಲ್ಲ. ದೇವರ ಭಯವೇ ಎಂದು ಬಹಳ ವರ್ಷ ಯೋಚಿಸಿದ್ದೇನೆ. ಅಪ್ಪನಿಗೆ ಅಂಥ ಭಕ್ತಿ ಇರಲಿಲ್ಲ. ಕಾರ್ಖಾನೆಯಿಂದ ನಟ್ಟು ತರದವನೂ ಪೂಜೆಗಿಟ್ಟ ಅರ ಎತ್ತದವನೂ ಒಬ್ಬನೇ ಎಂದು ಮಾತ್ರ ಹೇಳಬಲ್ಲೆ.

ಹಾಗಾಗಿ ಮಧ್ಯಾಹ್ನ ಹೋಳಿಗೆಯ ಊಟಕ್ಕೆ ಕೂತಾಗ ಅವನ ಕೈಗೆ ಕೆಲಸವೇ ಇರಲಿಲ್ಲ. ಕೈಯಲ್ಲಿ ಅರ ಇದ್ದಿದ್ದರೆ ಅವ್ವನ ಮಾತು ಅವನಿಗೆ ಕೇಳಿಸುತ್ತಲೇ ಇರಲಿಲ್ಲ ಎಂದು ನನಗೆ ಈಗ ಅನಿಸುತ್ತದೆ. ಅವ್ವನ ತವರು ಸೇಡಮ್ಮಿನ ಕಡೆ. ಅವಳ ಅಪ್ಪನದು ಹಿಟ್ಟಿನ ಗಿರಣಿ. ಗಿರಣಿ ಮಗ್ಗುಲಲ್ಲೇ ಮನೆ, ಎಂಜಿನ್ನಿನ ಸದ್ದಿನಲ್ಲೇ ಬೆಳೆದವಳು. ಅವಳು ತುಪ್ಪ ಬಡಿಸುತ್ತ ಕೇಳಿದಳು:

“ನಿನ್ನೆ ಏರಿನಾಗ ಹ್ಯಾಂಗ ಸಪ್ಪಳ ಮಾಡ್ತು ಅದು?”

“ಕೆಟ್ಟ ಸಪ್ಪಳ.”

“ಹಂಗಲ್ರಿ. ಬಾಯಿಲೆ ಮಾಡಿ ತೋರಿಸ್ರಿ.”

ಅಪ್ಪ ನಗುವವನಲ್ಲ ಎಂದಲ್ಲ, ಆದರೆ ನಗಿಸುವವನಲ್ಲ. ಅವನು ನಮ್ಮನ್ನೆಲ್ಲ ಒಮ್ಮೆ ನೋಡಿ, ಕೈಯಲ್ಲಿನ ಹೋಳಿಗೆ ಕೆಳಗಿಟ್ಟು, ಬಹಳ ಗಂಭೀರವಾಗಿ “ಡುರ್ರ್... ಡಗ್. ಡುರ್ರ್... ಡಗ್,” ಎಂದ. ನನಗೂ ಅಕ್ಕನಿಗೂ ಅನ್ನ ನೆತ್ತಿಗೇರಿತು. ಆಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವ್ವ ಮಾತ್ರ ನಗಲಿಲ್ಲ.

“ಇನ್ನೊಮ್ಮೆ ಮಾಡ್ರಿ. ಗಾಲಿ ಒಂದ ಸುತ್ತ ತಿರಗೂದ್ರಾಗ ಒಂದ ಸಲ ಡಗ್ ಅಂತೈತೋ, ಭಾಳ ಸಲಾನೋ?”

ಅಪ್ಪ ಕಣ್ಣು ಮುಚ್ಚಿ ನೆನೆಸಿಕೊಂಡ. “ಒಂದ ಸಲ.”

“ಹಂಗಾರ ನಿಮ್ಮ ಎಂಜಿನ್ನಿಗೆ ಏನೂ ಆಗಿಲ್ಲ. ಟಯರ್ ಗುಂಡಗಿಲ್ಲ. ಒಂದ ಕಡೆ ಉಬ್ಬೈತಿ, ಅಲ್ಲಿ ಬಂದಾಗ ಉರುಳಿ ಕಚ್ಚಿ ಹಿಡಿತೈತಿ. ಮುಂದ ಹೋದ್ರ ತಗ್ಗೈತಿ, ಅಲ್ಲಿ ಜಾರತೈತಿ.”

“ಕಡ್ಡಿ ಬಿಗಿ ಮಾಡಿದ್ರ ಗಾಲಿ ಸರಿ ಬರತೈತಿ.”

“ಗಾಲಿ ಬರತೈತ್ರಿ. ರಬ್ಬರ್ ಬರೂದಿಲ್ಲ. ನಮ್ಮ ಗಿರಣ್ಯಾಗ ಎಂಜಿನ್ನಿನ ಬೆಲ್ಟ್ ಪಟ್ಟಾ ತಿರಗುವಾಗ ಹಾವಿನಂಗ ಕುಣೀತಿತ್ತು. ನಮ್ಮಪ್ಪ ಅದನ್ನೇನು ಬಿಗೀಲಿಲ್ಲ. ಪಟ್ಟಾದ ಮ್ಯಾಲ ಒಂದ ಸಣ್ಣ ಗಾಲಿ, ಅದಕ್ಕೊಂದು ಕಲ್ಲು ಕಟ್ಟಿ ಇಳಿಬಿಟ್ಟಿದ್ರು. ಪಟ್ಟಾ ಏರಿದ್ರ ಅದೂ ಏರತಿತ್ತು, ಇಳಿದ್ರ ಇಳೀತಿತ್ತು. ನೀವೂ ಎಂಜಿನ್ ತೂಗಾಡಾಕ ಬಿಡ್ರಿ.”

“ಅದು ಹಿಟ್ಟಿನ ಗಿರಣಿ,” ಎಂದ ಅಪ್ಪ. ದನಿ ಸ್ವಲ್ಪ ಏರಿತ್ತು. “ಹದಿನೈದು ದಿನ ಅದನ್ನ ಅಲಗಾಡದಂಗ ಮಾಡೀನಿ. ಈಗ ಅಲಗಾಡಸು ಅಂತೀಯಲ್ಲ.”

“ಇಮಾನದ ಸಾಮಾನು ಮಾಡಿ ಮಾಡಿ ನಿಮಗ ಸೈಕಲ್ಲೂ ಇಮಾನ ಆಗೇತಿ. ಅದು ರಸ್ತಾದ ಮ್ಯಾಲ ಹೋಗೂದೈತ್ರಿ.”

ಅಪ್ಪ ಎದ್ದು ಕೈತೊಳೆದು ಮುಂದಿನ ಕೋಣೆಗೆ ಹೋದ. ಅವ್ವ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಎತ್ತಿಟ್ಟಳು. ಮುನಿಸು ಎಷ್ಟು ಹೊತ್ತು ನಡೆಯಿತೋ ತಿಳಿಯದು. ಬಿಸಿಲು ಇಳಿಯುವ ಹೊತ್ತಿಗೆ ಅವನು ಅಡುಗೆಮನೆಗೆ ಬಂದು, ಡಬ್ಬಿಯಿಂದ ಒಂದು ಹಿಡಿ ಜೋಳದ ಹಿಟ್ಟು ತೆಗೆದು, ಶಹಾಬಾದಿನ ಕಲ್ಲಿನ ಮೇಲೆ ಗೆರೆ ಎಳೆಯತೊಡಗಿದ. ಗಾಲಿಗೊಂದು ಸುತ್ತು, ಉರುಳೆಗೊಂದು ಚುಕ್ಕೆ. ಅಕ್ಕನ ಪ್ರಕಾರ ಅದು ಹಿಟ್ಟಲ್ಲ, ಬಳಪ. ಆದರೆ ಬಳಪ ಅಂದು ಪುಸ್ತಕಗಳ ಜೊತೆ ಪೂಜೆಗೆ ಇತ್ತು, ಅದನ್ನು ಎತ್ತುವಂತಿರಲಿಲ್ಲ. ಇದೊಂದರಲ್ಲಿ ಪುರಾವೆ ನನ್ನ ಕಡೆಗಿದೆ.

“ಕಲ್ಲು ಎಲ್ಲಿ ಕಟ್ಟಿದ್ರು?” ಎಂದು ಕೇಳಿದ.

ಅವ್ವ ಅವನ ಎದುರು ಕುಕ್ಕುರುಗಾಲಲ್ಲಿ ಕೂತು, ಅವನ ಗೆರೆಯನ್ನು ಅಂಗೈಯಿಂದ ಅಳಿಸಿ, ತನ್ನದನ್ನು ಎಳೆದಳು. “ಇಲ್ಲಿ ಅಲ್ರಿ, ಇಲ್ಲಿ. ಈ ಕಡೆ ಒಂದ ಬೋಲ್ಟ್ ಇರಲಿ, ಅದರ ಮ್ಯಾಲ ಇಡೀ ಎಂಜಿನ್ ತೂಗಬೇಕು. ಈ ಕಡೆ ಕೆಳಗ ಜಗ್ಗಾಕ ಏನರೆ ಬೇಕು.”

“ಸೈಕಲ್ ಮ್ಯಾಲ ಕಲ್ಲು ಕಟ್ಟಾಕ ಬರೂದಿಲ್ಲ. ಸ್ಪ್ರಿಂಗ್ ಬೇಕು. ಹಬ್ಬದಾಗ ಅಂಗಡಿ ಎಲ್ಲಿ ತೆಗದಿರ್ತಾವ?”

ಅವ್ವ ಕತ್ತು ತಿರುಗಿಸಿ ಜಾಲರಿ ಬಾಗಿಲು ನೋಡಿದಳು. ಅವಳ ಕಣ್ಣು ಹೋದತ್ತ ಅಪ್ಪನೂ ನೋಡಿದ. ಆಯಿ ಇಬ್ಬರನ್ನೂ ನೋಡಿದಳು.

“ನೊಣ ಬಂದ್ರ ನಿಮ್ಮ ಎಂಜಿನ್ ಓಡಸತೈತೇನು?” ಎಂದಳು ಆಯಿ. “ಅಡ್ಡಿಯಿಲ್ಲ, ತಗೋರಿ. ಆದ್ರ ನಾಳೆ.”

ವಿಜಯದಶಮಿಯ ಬೆಳಿಗ್ಗೆ ಆಯಿ ಆರತಿ ತಟ್ಟೆ ಕೆಳಗಿಟ್ಟ ಕೂಡಲೇ ಅಪ್ಪ ಗರಗಸ ಎತ್ತಿಕೊಂಡ. ತಾನು ಹದಿನೈದು ದಿನ ಉಜ್ಜಿದ ಹಿಡಿಕೆಯನ್ನು ವೈಸಿಗೆ ಕಚ್ಚಿಸಿ, ಸರಿಯಾಗಿ ನಡುವೆ ಕೊಯ್ದ. ಗರಗಸ ಒಂದು ಸಲವೂ ನಿಲ್ಲಲಿಲ್ಲ. ನನ್ನ ಬದುಕಿನಲ್ಲಿ ಆಮೇಲೆ ಎಷ್ಟೋ ವಿದ್ವಾಂಸರನ್ನು ಕಂಡಿದ್ದೇನೆ. ತಾವು ಕಟ್ಟಿದ ವಾದ ತಪ್ಪು ಎಂದು ತಿಳಿದ ಮೇಲೂ ಅದನ್ನು ಕೊಯ್ಯಲು ಅವರಿಗೆ ಕೈಬರುವುದಿಲ್ಲ. ನನಗೂ ಬಂದಿಲ್ಲ. ಆಗೆಲ್ಲ ಆ ಗರಗಸದ ಸದ್ದು ಕೇಳಿದಂತಾಗುತ್ತದೆ. ಆ ನೆನಪನ್ನು ನಾನು ಅನುಮಾನಿಸುವುದಿಲ್ಲ. ಮಧ್ಯಾಹ್ನಕ್ಕೆ ಎಂಜಿನ್ನು ಒಂದು ಬೋಲ್ಟಿನ ಮೇಲೆ ತೂಗುತ್ತಿತ್ತು, ಬಾಗಿಲಿನ ಸ್ಪ್ರಿಂಗು ಅದನ್ನು ಕೆಳಗೆ ಜಗ್ಗಿ ಟಯರಿಗೆ ಒತ್ತಿ ಹಿಡಿದಿತ್ತು. ಕೈಯಿಂದ ಗಾಲಿ ತಿರುಗಿಸಿದರೆ ಉಬ್ಬಿದ ಕಡೆ ಎಂಜಿನ್ ಚೂರು ಏಳುವುದು, ತಗ್ಗಿನ ಕಡೆ ಇಳಿಯುವುದು, ಮಲಗಿದವರ ಹೊಟ್ಟೆಯ ಹಾಗೆ.

ಏರು ಹತ್ತಿ ನೋಡಲು ನನ್ನನ್ನು ಕರೆದುಕೊಂಡು ಹೋದ. ಮುಂದಿನ ಕೊಳವೆಯ ಮೇಲೆಯೇ ಇರಬೇಕು. ಬೋಯಿನಪಲ್ಲಿಯ ಏರಿನ ಬುಡಕ್ಕೆ ಬಂದಾಗ ಅಪ್ಪ ಎರಡೂ ಕಾಲುಗಳನ್ನು ಪೆಡಲಿನಿಂದ ತೆಗೆದು ಗಾಳಿಯಲ್ಲಿ ಚಾಚಿದ. ಎಂಜಿನ್ನಿನ ಸದ್ದು ದಪ್ಪಗಾಯಿತು, ಆದರೆ ಒಂದೇ ಸಮ ಇತ್ತು. ಏರಿನ ತುದಿಯವರೆಗೆ ಅವನ ಕಾಲು ಪೆಡಲು ಮುಟ್ಟಲಿಲ್ಲ. ತುದಿಯಲ್ಲಿ ನಿಲ್ಲಿಸಿ, ಇಳಿದು, ಹಿಂದಿರುಗಿ ಏರನ್ನು ನೋಡಿದ. ನಾನು ಒಂದು ಮಾತನ್ನು ಅವನ ಬಾಯಲ್ಲಿ ಇಡಬಹುದು, ಹಲವು ಸಲ ಇಟ್ಟೂ ಇದ್ದೇನೆ. ಆದರೆ ಅವನು ಏನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅವನು ಹೊರಟ. ಬಾಲಾನಗರದ ಸೈರನ್ ನಮ್ಮ ಓಣಿಗೆ ಕೇಳುವಂಥದ್ದಲ್ಲ, ಆದರೂ ಆ ಹೊತ್ತಿಗೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಂಚಿನ ಮೇಲಿನ ರೊಟ್ಟಿ ಸೀಯುವವರೆಗೆ ಸುಮ್ಮನೆ ಕೂತಿದ್ದಳು ಎಂದು ಅಕ್ಕ ಹೇಳುತ್ತಾಳೆ. ಹಿತ್ತಲಿನಿಂದ ನೊಣ ಬಂದವು, ಆಯಿ ಟವೆಲು ಬೀಸುತ್ತ ಅಪ್ಪನ ಹೆಸರು ಹಿಡಿದು ಬೈದಳು. ಸಂಜೆ ಓಣಿಯ ಮೂಲೆಯಲ್ಲಿ ಎಂಜಿನ್ನಿನ ಸದ್ದಾಯಿತು. ಅಪ್ಪ ಇಳಿದು, ಸೈಕಲ್ಲು ಒಳಗೆ ತಂದು ನಿಲ್ಲಿಸಿ, ಟಿಫಿನ್ ಡಬ್ಬಿ ಅವ್ವನ ಕೈಗೆ ಕೊಟ್ಟ.

“ಗೇಟ್ ಮುಚ್ಚಿತ್ತು,” ಎಂದ.

ಅವ್ವನ ಮುಖ ಹೇಗಾಯಿತೋ ನಾನು ನೋಡಲಿಲ್ಲ, ಅಪ್ಪನನ್ನೇ ನೋಡುತ್ತಿದ್ದೆ.

“ಇನ್ನೂ ತೆಗದಿರಲಿಲ್ಲ. ವಾಚ್‌ಮನ್ ಹಲ್ಲುಜ್ಜಾಕತ್ತಿದ್ದ.”

ಅವ್ವ ಡಬ್ಬಿಯಿಂದಲೇ ಅವನ ತೋಳಿಗೆ ಮೆಲ್ಲಗೆ ಹೊಡೆದಳು. ನಮ್ಮೆದುರು ಅವಳು ಅವನನ್ನು ಮುಟ್ಟಿದ್ದು ನಾನು ಕಂಡದ್ದು ಅದೊಂದೇ ಸಲ.

ಕಾರ್ಖಾನೆಯಲ್ಲಿ ಅಂದು ಏನಾಯಿತೆಂದು ಅಪ್ಪ ಮನೆಯಲ್ಲಿ ಹೇಳಲಿಲ್ಲ. ಮಷೀನು ಅವನ ಬಳಿಯೇ ಉಳಿಯಿತು ಎಂಬುದು ಮಾತ್ರ ಅವನ ಕೈಯ ಕಪ್ಪಿನಿಂದ ತಿಳಿಯುತ್ತಿತ್ತು. ಟೂಲ್ ರೂಮಿನವರೆಲ್ಲ ಊಟದ ಹೊತ್ತಿನಲ್ಲಿ ಸೈಕಲ್ಲು ನೋಡಲು ಬಂದಿರಬೇಕು, ಇದನ್ನು ಯಾರು ಯೋಚಿಸಿದರು ಎಂದು ಕೇಳಿರಬೇಕು. ಅಪ್ಪ ಏನು ಉತ್ತರ ಕೊಟ್ಟ ಎಂಬುದನ್ನು ಅಲ್ಲಿಲ್ಲದ ನಾನು ಹೇಳಲಾರೆ. ಆ ಕಾಲದ ಗಂಡಸು, ಅಷ್ಟು ಹೆಸರಿದ್ದ ಕೆಲಸಗಾರ, ನಾನೇ ಎಂದಿದ್ದರೂ ಯಾರೂ ತಪ್ಪು ಹುಡುಕುತ್ತಿರಲಿಲ್ಲ. ಹುಡುಕುವ ದಾರಿಯೂ ಇರಲಿಲ್ಲ.

ಆದರೆ ಮುಂದಿನ ಭಾನುವಾರ ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ಅಪ್ಪ ಮಾರುಕಟ್ಟೆಗೆ ಹೋಗಿದ್ದ. ತೆಗೆದು ನೋಡಿದರೆ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಹಿರಿಯರೊಬ್ಬರು, ಅಪ್ಪನ ಫೋರ್ಮನ್ನರೆಂದು ಆಮೇಲೆ ತಿಳಿಯಿತು. ಹಿಂದೆ ರಿಕ್ಷಾದಲ್ಲಿ ಅವರ ಮನೆಯ ನೀರೆತ್ತುವ ಸಣ್ಣ ಪಂಪು, ಅದರ ಬೆಲ್ಟು ಹೊರಗೆ ಜೋಲುತ್ತಿತ್ತು. ಅವರು ಚಪ್ಪಲಿ ಬಿಟ್ಟು, ಬಗ್ಗಿ ನನ್ನನ್ನು ಕೇಳಿದರು:

“ಇಂಜನೀರಮ್ಮಗಾರು ಉನ್ನಾರಾ ಬಾಬು?”

ಇಂಜಿನಿಯರಮ್ಮನವರು ಇದ್ದಾರಾ ಎಂದು ಕೇಳಿದ ಅವರನ್ನೂ ಪಂಪನ್ನೂ ನಾನು ನೋಡಿದೆ. ನನಗೆ ಗೊತ್ತಿದ್ದ ಇಂಜಿನಿಯರುಗಳೆಲ್ಲ ಗಂಡಸರು, ಟೈ ಕಟ್ಟಿದವರು. ಅಂಥವರು ಇಲ್ಲಿ ಯಾರೂ ಇಲ್ಲ, ಮನೆ ತಪ್ಪಿ ಬಂದಿದ್ದೀರಿ ಎಂದು ತೆಲುಗಿನಲ್ಲಿ ಹೇಳಿ ಬಾಗಿಲು ಹಾಕಲು ಹೊರಟೆ. ಅಕ್ಕ ಇದನ್ನು ಹೀಗೆಯೇ ಹೇಳುತ್ತಾಳೆ. ಒಂದು ಅಕ್ಷರವೂ ನಮ್ಮಿಬ್ಬರ ನಡುವೆ ವ್ಯತ್ಯಾಸವಿಲ್ಲ. ನನ್ನ ಹಿಂದಿನಿಂದ ಅವ್ವ, ಮೊಣಕೈವರೆಗೆ ಹಿಟ್ಟು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು, ಬಾಗಿಲನ್ನು ಪೂರ್ತಿ ತೆರೆದಳು.

“ಇದ್ದಾಳ್ರಿ,” ಎಂದಳು. “ಒಳಗ ಬರ‍್ರಿ.”